ಬಾಯಿ ಬಿಟ್ಟರೂ ಹೇಳದ ಮಾತು

"ಮೂರು, ಎರಡು, ಆರು... ಮುಂದಿನ ಹಲ್ಲು, ನಾಲ್ಕು, ಮೂರು, ಐದು." ವೈದ್ಯೆ ಹೇಳುತ್ತಾ ಹೋದರು, ಪಕ್ಕದಲ್ಲಿ ನಿಂತ ಹುಡುಗಿ ಬರೆದುಕೊಳ್ಳುತ್ತಾ ಹೋದಳು. ಬಸವೇಶ್ವರನಗರದಲ್ಲಿ ಹಾವನೂರು ವೃತ್ತದಿಂದ ಒಳಕ್ಕೆ ತಿರುಗುವ ಒಂದು ಅಡ್ಡರಸ್ತೆ. ಕೆಳಗೆ ಕಾಂಡಿಮೆಂಟ್ಸ್ ಅಂಗಡಿ, ಮೇಲೆ ಹಲ್ಲಿನ ಕ್ಲಿನಿಕ್ಕು. ಬಾಯಿ ಅಗಲಿಸಿಕೊಂಡು ಒರಗಿದ್ದ ನನಗೆ ಕಿವಿ ಮಾತ್ರ ಕೆಲಸ ಮಾಡುತ್ತಿತ್ತು. ಅವರ ಕೈಯಲ್ಲಿದ್ದದ್ದು ಪ್ರೋಬ್: ಹೊಲಿಗೆ ಸೂಜಿಗಿಂತ ಒಂದಿಷ್ಟು ದಪ್ಪ, ಮೊಂಡು ತುದಿ, ಮೈಮೇಲೆ ಮಿಲಿಮೀಟರ್ ಗೆರೆಗಳು. ಹಲ್ಲಿಗೂ ಒಸಡಿಗೂ ನಡುವಿನ ಸಂದಿಯಲ್ಲಿ ಅದನ್ನು ಹಗುರಾಗಿ ಇಳಿಸಿ ಎಷ್ಟು ಆಳ ಹೋಯಿತೆಂದು ಓದುತ್ತಾರೆ. ಒಂದು ಹಲ್ಲಿಗೆ ಆರು ಕಡೆ. 28 ಹಲ್ಲಿದ್ದರೆ 168 ಅಂಕಿ. ಆರೋಗ್ಯವಂತ ಒಸಡಿನಲ್ಲಿ ಈ ಆಳ 1ರಿಂದ 3 ಮಿಲಿಮೀಟರ್. ಅದಕ್ಕಿಂತ ಹೆಚ್ಚಿದ್ದರೆ ಅಲ್ಲೊಂದು ಜೇಬು ಬಿಚ್ಚಿಕೊಂಡಿದೆ ಎಂದರ್ಥ. ದಂತವೈದ್ಯರು ಅದನ್ನು ಪಾಕೆಟ್ ಎಂದೇ ಕರೆಯುತ್ತಾರೆ. ನನ್ನ ಬಲಗಡೆ ಕೆಳದವಡೆಯ ಹಿಂದಿನ ಹಲ್ಲಿನಲ್ಲಿದ್ದದ್ದು 6.

ಹಲ್ಲಿನ ಮೇಲೆ ದಿನವೂ ಕೂರುವ ಅಂಟಾದ ಪದರ ಬ್ಯಾಕ್ಟೀರಿಯಾಗಳ ಬಿಡಾರ. ಅದಕ್ಕೆ ಪ್ಲೇಕ್ ಎನ್ನುತ್ತಾರೆ. ತೆಗೆಯದೆ ಬಿಟ್ಟರೆ ಜೊಲ್ಲಿನ ಖನಿಜ ಸೇರಿ ಕಲ್ಲಾಗುತ್ತದೆ. ಒಸಡು ಕೆಂಪೇರಿ ಊದಿ, ಬ್ರಷ್ ತಾಗಿದರೆ ರಕ್ತ ಬರುವ ಹಂತ ಜಿಂಜಿವೈಟಿಸ್. ಇಲ್ಲಿಂದ ವಾಪಸು ಬರಬಹುದು. ಉರಿಯೂತ ಕೆಳಗಿಳಿದು ಹಲ್ಲನ್ನು ಹಿಡಿದಿರುವ ನಾರುಗಳನ್ನೂ ಮೂಳೆಯನ್ನೂ ತಿನ್ನತೊಡಗಿದರೆ ಅದು ಪೆರಿಯೊಡಾಂಟೈಟಿಸ್, ಹಿಂದಿನವರ ಬಾಯಲ್ಲಿ ಪಯೋರಿಯಾ. ಕರಗಿದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ. ಹುಳುಕು ಹಲ್ಲಿನ ಹಾಗೆ ನೋಯುವುದೂ ಇಲ್ಲ, ಹಲ್ಲು ಅಲ್ಲಾಡತೊಡಗಿದಾಗಲೇ ಬಹಳ ಜನಕ್ಕೆ ಗೊತ್ತಾಗುವುದು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ತೀವ್ರ ಒಸಡುರೋಗವಿರುವವರು ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು. ಭಾರತೀಯ ದಂತವೈದ್ಯ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 35ರಿಂದ 44 ವರ್ಷದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿಗೆ ರಕ್ತ ಒಸರುವುದೋ, ಕಲ್ಲೋ, ಪಾಕೆಟ್ಟೋ, ಏನಾದರೊಂದು ಲಕ್ಷಣವಿತ್ತು.

ಚಿಕಿತ್ಸೆ ಇದೆ, ಸರಳವೂ ಆಗಿದೆ. ನಾವು 'ಕ್ಲೀನಿಂಗ್' ಎನ್ನುವ ಸ್ಕೇಲಿಂಗ್ ಮಾಡಿ, ಪಾಕೆಟ್‌ನ ಒಳಗೂ ಇಳಿದು ಬೇರಿನ ಮೇಲಿನ ಕಲ್ಲನ್ನು ಕೆರೆದು ನುಣುಪು ಮಾಡುತ್ತಾರೆ. (ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತು ನಮ್ಮಲ್ಲಿ ಇನ್ನೂ ಸತ್ತಿಲ್ಲ. ಕಲ್ಲು ಹೋಗಿ ಊತ ಇಳಿದಾಗ ಮೊದಲೇ ಆಗಿದ್ದ ನಷ್ಟ ಕಣ್ಣಿಗೆ ಬೀಳುತ್ತದೆ, ಅಷ್ಟೆ.) ಆಮೇಲಿನ ಕೆಲಸವೆಲ್ಲ ದೇಹದ್ದು. ಊತ ಇಳಿದು, ಒಸಡು ಬಿಗಿದು, ಹಲ್ಲಿಗೆ ಮತ್ತೆ ಅಂಟಿಕೊಳ್ಳಬೇಕು. ಹಲವು ದಶಕಗಳ ಅಧ್ಯಯನಗಳನ್ನು ಸೇರಿಸಿ ನೋಡಿದರೆ, 4ರಿಂದ 6 ಮಿ.ಮೀ. ಇದ್ದ ಪಾಕೆಟ್ ಈ ಚಿಕಿತ್ಸೆಯಿಂದ ಸರಾಸರಿ 1 ಮಿ.ಮೀ.ಗಿಂತ ತುಸು ಹೆಚ್ಚು, 7 ಮಿ.ಮೀ. ದಾಟಿದ್ದು 2 ಮಿ.ಮೀ.ಗಿಂತ ತುಸು ಹೆಚ್ಚು ಕಡಿಮೆಯಾಗುತ್ತದೆ.

ನನಗೂ ಅದೇ ಚಿಕಿತ್ಸೆ ಮಾಡಿದರು. ಮೂರು ತಿಂಗಳ ನಂತರ ಅದೇ ಕುರ್ಚಿ, ಅದೇ ಪ್ರೋಬ್. ನನ್ನ 6 ಇನ್ನೂ 6. "ಬ್ರಷ್ ಸರಿಯಾಗಿ ಮಾಡ್ತಿಲ್ಲ ಸಾರ್ ನೀವು" ಎಂದರು ವೈದ್ಯೆ. ಪ್ಲೇಕ್ ಇದ್ದರೆ ಬಣ್ಣ ಹಿಡಿಯುವ ಕೆಂಪು ದ್ರಾವಣ ಹಚ್ಚಿ, ಮುಕ್ಕಳಿಸಲು ಹೇಳಿ, ಕನ್ನಡಿ ಕೊಟ್ಟರು. ಅಲ್ಲೊಂದು ಇಲ್ಲೊಂದು ಚುಕ್ಕೆ ಬಿಟ್ಟರೆ ಕಲೆಯೇ ಇರಲಿಲ್ಲ. ಅವರಿಗೆ ಇನ್ನೇನು ಹೇಳಬೇಕೋ ತೋಚಲಿಲ್ಲ, ನನಗೂ ತೋಚಲಿಲ್ಲ. ನಾನು ಹೇಳಬಹುದಾಗಿದ್ದ, ಆದರೆ ಯಾರೂ ಕೇಳದ ಒಂದು ವಿಷಯವಿತ್ತು. ಅಮ್ಮನಿಗೆ ಮರೆವಿನ ಕಾಯಿಲೆ. ರಾತ್ರಿ ಎರಡಕ್ಕೆ ಎದ್ದು, ಬಾಗಿಲ ಚಿಲಕಕ್ಕೆ ಕೈ ಹಾಕಿ, "ನಮ್ಮನೆಗೆ ಹೋಗ್ಬೇಕು, ಬಿಡಪ್ಪ" ಎನ್ನುತ್ತಾಳೆ. ಅದು ಅವಳದೇ ಮನೆ. ಆ ಮೂರು ತಿಂಗಳಲ್ಲಿ ನಾನು ಒಂದೇ ಸಮ ನಾಲ್ಕು ಗಂಟೆ ನಿದ್ದೆ ಮಾಡಿದ ರಾತ್ರಿ ನೆನಪಿಲ್ಲ.

ಒಂದು ಬಾಯಿಯಿಂದ ಏನೂ ಸಾಬೀತಾಗುವುದಿಲ್ಲ. ನನ್ನ ಆ 6ಕ್ಕೆ ಬೇರಿನ ಕವಲೊಡೆದ ಜಾಗವೇ ಕಾರಣವಿರಬಹುದು, ಅಲ್ಲಿಗೆ ಉಪಕರಣ ಸರಿಯಾಗಿ ತಲುಪದೆಯೂ ಇರಬಹುದು. ಆದರೆ ನನ್ನಂಥವರನ್ನೇ ಕೂರಿಸಿಕೊಂಡು ಅಳತೆ ಮಾಡಿದವರಿದ್ದಾರೆ.

1995ರಲ್ಲಿ ಅಮೆರಿಕದ ಓಹಿಯೊ ರಾಜ್ಯ ವಿಶ್ವವಿದ್ಯಾಲಯದ ಜಾನಿಸ್ ಕೀಕಾಲ್ಟ್-ಗ್ಲೇಸರ್ ಮತ್ತು ಸಂಗಡಿಗರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಚಿಕ್ಕ ಪ್ರಯೋಗವನ್ನು ಪ್ರಕಟಿಸಿದರು. ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರು, ಅದೇ ವಯಸ್ಸಿನ, ಆ ಹೊಣೆಯಿಲ್ಲದ ಇನ್ನೂ 13 ಮಹಿಳೆಯರು. ಎಲ್ಲರ ತೋಳಿನಲ್ಲೂ 3.5 ಮಿ.ಮೀ. ಅಗಲದ ಒಂದೇ ಅಳತೆಯ ಗಾಯ ಮಾಡಿ, ಅದು ಮಾಯುವುದನ್ನು ದಿನ ಎಣಿಸಿ ನೋಡಿದರು. ಎರಡನೆಯ ಗುಂಪಿಗೆ ಸರಾಸರಿ 39 ದಿನ ಹಿಡಿಯಿತು, ಆರೈಕೆ ಮಾಡುವವರಿಗೆ ಸುಮಾರು 49 ದಿನ.

ಮೂರು ವರ್ಷದ ಬಳಿಕ ಅದೇ ತಂಡದವರು ಬಾಯೊಳಗೇ ಹೋದರು. 11 ಮಂದಿ ದಂತವೈದ್ಯ ವಿದ್ಯಾರ್ಥಿಗಳ ಅಂಗುಳದಲ್ಲಿ ಬೇಸಿಗೆ ರಜೆಯಲ್ಲೊಮ್ಮೆ, ಮತ್ತೆ ದೊಡ್ಡ ಪರೀಕ್ಷೆಗೆ ಮೂರು ದಿನ ಇರುವಾಗ ಇನ್ನೊಮ್ಮೆ, ಅದೇ 3.5 ಮಿ.ಮೀ. ಗಾಯ. ಪ್ರತಿಯೊಬ್ಬರನ್ನೂ ಅವರೊಂದಿಗೇ ಹೋಲಿಸಿದ್ದು ಈ ಪ್ರಯೋಗದ ಜಾಣತನ. ವಯಸ್ಸು, ವಂಶ, ಊಟ, ಬ್ರಷ್ ಮಾಡುವ ರೀತಿ, ಇವುಗಳಿಂದ ಬರುವ ವ್ಯತ್ಯಾಸ ಬಹಳಷ್ಟು ಅಲ್ಲಿಗೇ ಕಳೆಯಿತು. ಪರೀಕ್ಷೆಯ ಹೊತ್ತಿನ ಗಾಯ ಮಾಯಲು ಸರಾಸರಿ ಮೂರು ದಿನ, ಅಂದರೆ ಶೇ. 40ರಷ್ಟು ಹೆಚ್ಚು ಕಾಲ ಬೇಕಾಯಿತು. ರಜೆಯಲ್ಲಿ ಮಾದಷ್ಟು ಬೇಗ ಪರೀಕ್ಷೆಯಲ್ಲೂ ಮಾದ ವಿದ್ಯಾರ್ಥಿ ಒಬ್ಬನೂ ಇರಲಿಲ್ಲ. ಗಾಯ ಮಾಯುವ ಕೆಲಸಕ್ಕೆ ಮೊದಲ ಕರೆ ಕೊಡುವ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂದೇಶ ಪ್ರೋಟೀನನ್ನು ಅವರ ರಕ್ತಕೋಶಗಳು ಎಷ್ಟು ತಯಾರಿಸಬಲ್ಲವು ಎಂದು ನೋಡಿದಾಗ, ಅದೂ ಶೇ. 68ರಷ್ಟು ಕುಸಿದಿತ್ತು.

3.5 ಮಿ.ಮೀ. ಗಾಯದ ವಿಸ್ತೀರ್ಣ ಒಂದು ಚದರ ಸೆಂಟಿಮೀಟರಿನ ಹತ್ತನೇ ಒಂದು ಭಾಗವೂ ಅಲ್ಲ. ಒಸಡುರೋಗವಿರುವ ಬಾಯಲ್ಲಿ ಹಲ್ಲಿಗೂ ಒಸಡಿಗೂ ನಡುವಿನ ಒಳಪದರವನ್ನೆಲ್ಲ ಬಿಡಿಸಿ ಹಾಸಿದರೆ 8ರಿಂದ 20 ಚದರ ಸೆಂಟಿಮೀಟರ್ ಆದೀತೆಂದು ಲೆಕ್ಕ ಹಾಕಿದ್ದಾರೆ. ವಿದ್ಯಾರ್ಥಿಗಳ ಅಂಗುಳದ ಗಾಯಕ್ಕಿಂತ ಎಂಬತ್ತು ಪಟ್ಟಿಗೂ ಹೆಚ್ಚು. ಅಂಗುಳದ ಗಾಯ ಆರೋಗ್ಯವಂತ ಲೋಳ್ಪೊರೆಯಲ್ಲಿ ಆದದ್ದು, ಇದು ಬ್ಯಾಕ್ಟೀರಿಯಾಗಳ ನಡುವೆಯೇ ಮಾಯಬೇಕಾದದ್ದು. ಜೊತೆಗೆ ಇಲ್ಲೊಂದು ಪೈಪೋಟಿಯೂ ಇದೆ. ಕೆರೆದು ತೆಗೆದ ಬ್ಯಾಕ್ಟೀರಿಯಾಗಳು ಕೆಲವೇ ವಾರಗಳಲ್ಲಿ ಪಾಕೆಟ್ಟಿಗೆ ಮರಳಿ ನೆಲೆಯೂರತೊಡಗುತ್ತವೆ. ಅಷ್ಟರೊಳಗೆ ಒಸಡು ಬಿಗಿದುಕೊಂಡರೆ ಅವುಗಳಿಗೆ ಜಾಗ ಕಿರಿದಾಗುತ್ತದೆ. ಇಲ್ಲದಿದ್ದರೆ ಹಳೆಯ ಮನೆಗೇ ಹಿಂತಿರುಗುತ್ತವೆ. ತಡವಾಗಿ ಮಾಯುವುದು ಇಲ್ಲಿ ಬರೀ ತಡವಾಗಿ ಉಳಿಯುವುದಿಲ್ಲ.

ಮನಸ್ಸಿನ ಚಿಂತೆ ಒಸಡಿಗೆ ಇಳಿಯುವುದು ಹೇಗೆ? ದಾರಿ ಸಾಕಷ್ಟು ಗೊತ್ತಿದೆ. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಅಪಾಯವನ್ನು ಗ್ರಹಿಸಿ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ. ಅದು ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಗೆ ಆಜ್ಞೆ ಕಳಿಸುತ್ತದೆ. ಅಲ್ಲಿಂದ ಹೊರಡುವ ಹಾರ್ಮೋನು ಕಾರ್ಟಿಸಾಲ್. ತುರಿಕೆಗೆ ಹಚ್ಚುವ ಹೈಡ್ರೊಕಾರ್ಟಿಸೋನ್ ಮುಲಾಮಿನಲ್ಲಿರುವುದೂ ಇದೇ ಅಣು. ಉರಿಯೂತವನ್ನು ತಣಿಸುವುದು ಅದರ ಕಸುಬು. ಬೆಳಿಗ್ಗೆ ಏಳುವ ಹೊತ್ತಿಗೆ ಏರಿ ನಡುರಾತ್ರಿಗೆ ತಗ್ಗುವುದು ಅದರ ದಿನಚರಿ. ನಾಯಿ ಅಟ್ಟಿಸಿಕೊಂಡು ಬಂದ ಹತ್ತು ನಿಮಿಷಕ್ಕೆ ಇದು ಬೇಕಾದ ಏರ್ಪಾಡು. ತಿಂಗಳುಗಟ್ಟಲೆ ಇಳಿಯದೆ ನಿಂತರೆ ಎರಡು ಕೆಡುಕಾಗುತ್ತದೆ. ಗಾಯವಾದ ಮೊದಲ ಗಂಟೆಗಳಲ್ಲಿ ಅಗತ್ಯವಾದ ಉರಿಯೂತವನ್ನೂ ಅದು ಅದುಮಿಬಿಡುತ್ತದೆ. ಹಾಗಾಗಿ ದುರಸ್ತಿ ಶುರುವಾಗುವುದೇ ತಡ. ಇನ್ನೊಂದೆಡೆ, ಕಾರ್ಟಿಸಾಲಿನ ಕರೆಯನ್ನು ಕೇಳಿ ಕೇಳಿ ರೋಗನಿರೋಧಕ ಕೋಶಗಳ ಕಿವಿ ಮಂದವಾಗುತ್ತದೆ. ಮಾಗಡಿ ರಸ್ತೆಯ ಹಾರ್ನಿಗೆ ಯಾರಾದರೂ ತಿರುಗಿ ನೋಡುತ್ತಾರೆಯೇ? ಆಗ ತಣಿಯಬೇಕಾದ ಹಳೆಯ ಉರಿಯೂತ ತಣಿಯುವುದಿಲ್ಲ. ಒಸಡಿಗೆ ನುಗ್ಗಿದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾದ ಜೊತೆಗೆ ಹಲ್ಲನ್ನು ಕಟ್ಟಿದ ಕೊಲಾಜೆನ್ ನಾರನ್ನೂ ಕತ್ತರಿಸುವ ಕಿಣ್ವ ಸುರಿಯುತ್ತವೆ. ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳಿಗೆ ಕೆಲಸದ ಆದೇಶ ಹೋಗುತ್ತಲೇ ಇರುತ್ತದೆ.

ಬೇಕಾದ ಕಡೆ ಉರಿಯೂತ ಕಡಿಮೆ, ಬೇಡದ ಕಡೆ ಹೆಚ್ಚು. ಓದಲು ವಿಚಿತ್ರವೆನಿಸಿದರೂ ಅಳತೆಗಳು ಹೇಳುವುದು ಹಾಗೆಯೇ. ವಿದ್ಯಾರ್ಥಿಗಳಲ್ಲಿ ಇಂಟರ್‌ಲ್ಯೂಕಿನ್-1 ಬೀಟಾ ಕುಸಿದದ್ದನ್ನು ಆಗಲೇ ಹೇಳಿದೆ. ಜರ್ಮನಿಯಲ್ಲಿ ರೆನಾಟೆ ಡೈನ್‌ಟ್ಸರ್ ಮತ್ತು ಜೊತೆಗಾರರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆ ಬರೆಯುತ್ತಿದ್ದ ವಿದ್ಯಾರ್ಥಿಗಳ ಒಸಡಿನ ಸಂದಿಯಲ್ಲಿ ಒಸರುವ ದ್ರವದಲ್ಲಿ ಅದೇ ಪ್ರೋಟೀನು ಏರಿತ್ತು. ಶುಚಿ ಮಾಡದೆ ಬಿಟ್ಟ ಹಲ್ಲುಗಳ ಬಳಿ ಏರಿದ್ದರಲ್ಲಿ ಆಶ್ಚರ್ಯವಿಲ್ಲ. ಚೊಕ್ಕಟವಾಗಿಟ್ಟ ಹಲ್ಲುಗಳ ಬಳಿಯೂ ಏರಿತ್ತು. "ಬ್ರಷ್ ಸರಿಯಾಗಿ ಮಾಡ್ತಿಲ್ಲ" ಎಂಬ ಒಂದೇ ವಿವರಣೆ ಸಾಲದು ಎನ್ನಲು ನನಗೆ ಸಿಕ್ಕ ಗಟ್ಟಿ ಆಧಾರ ಇದು.

ಹಾಗೆಂದು ಬ್ರಷ್ಷಿನ ಮಾತು ಸುಳ್ಳಲ್ಲ. ತಲೆ ಕೆಟ್ಟು ಕೂತಾಗ ರಾತ್ರಿಯ ಬ್ರಷ್ಷು ಮೊದಲು ಬಿಟ್ಟುಹೋಗುತ್ತದೆ. ಬಿಟ್ಟಿದ್ದ ಸಿಗರೇಟು, ಗುಟ್ಕಾ ಮರಳುತ್ತವೆ. ಸಿಗರೇಟು ರಕ್ತನಾಳಗಳನ್ನು ಕುಗ್ಗಿಸಿ ರಕ್ತ ಒಸರುವುದನ್ನು ಮರೆಮಾಚುವುದರಿಂದ ಒಸಡು ಚೆನ್ನಾಗಿದೆ ಎಂಬ ಭ್ರಮೆ ಬೇರೆ. ಆತಂಕಕ್ಕೆ ಬಾಯಿ ಒಣಗುತ್ತದೆ, ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್‌ನಂಥ ಕೆಲವು ಮಾತ್ರೆಗಳೂ ಜೊಲ್ಲನ್ನು ಕಡಿಮೆ ಮಾಡುತ್ತವೆ. (ಅದಕ್ಕಾಗಿ ಮಾತ್ರೆ ಬಿಡಬಾರದು, ಹಲ್ಲಿನ ವೈದ್ಯರಿಗೆ ತಿಳಿಸಬೇಕು.) ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಸೇರಿದರೆ ಮೊದಲೇ ಸಡಿಲವಾದ ಹಲ್ಲಿನ ಮೇಲೆ ಇನ್ನಷ್ಟು ಭಾರ. ಕೊನೆಗೆ, ಮೂರು ತಿಂಗಳ ಅಪಾಯಿಂಟ್‌ಮೆಂಟು ತಪ್ಪುತ್ತದೆ. ಇದೆಲ್ಲ ರೋಗಿಯ ಉಡಾಫೆಯಂತೆ ಕಾಣುತ್ತದೆ, ಬೈಸಿಕೊಳ್ಳುವವನೂ ಹಾಗೆಂದೇ ಒಪ್ಪಿಕೊಳ್ಳುತ್ತಾನೆ.

ಪುರಾವೆ ಎಲ್ಲ ಒಂದೇ ಕಡೆಗಿದೆ ಎಂದು ಹೇಳಿದರೆ ಓದುಗರಿಗೆ ಮೋಸ ಮಾಡಿದಂತೆ. 2007ರಲ್ಲಿ ಬ್ರೆಜಿಲ್ಲಿನ ಸಂಶೋಧಕರು ಒತ್ತಡ ಮತ್ತು ಒಸಡುರೋಗದ ಮೇಲಿನ 14 ಅಧ್ಯಯನಗಳನ್ನು ಜರಡಿ ಹಿಡಿದರು. 8ರಲ್ಲಿ ಸಂಬಂಧ ಸ್ಪಷ್ಟ, 4ರಲ್ಲಿ ಅರ್ಧಂಬರ್ಧ, 2ರಲ್ಲಿ ಇಲ್ಲವೇ ಇಲ್ಲ. ಒತ್ತಡಕ್ಕೆ ಮಿಲಿಮೀಟರ್ ಪಟ್ಟಿ ಇಲ್ಲದಿರುವುದು ಈ ಗೊಂದಲಕ್ಕೆ ಒಂದು ಕಾರಣ. ಆದರೆ ಚಿಕಿತ್ಸೆಯ ಫಲಿತಾಂಶವನ್ನೇ ಹಿಂಬಾಲಿಸಿದ ಅಧ್ಯಯನಗಳು ಬಂದಿವೆ. ಬ್ರಿಟನ್ನಿನಲ್ಲಿ 2013ರಲ್ಲಿ ಪ್ರಕಟವಾದ ಒಂದರಲ್ಲಿ, ಶಸ್ತ್ರಕ್ರಿಯೆಯಿಲ್ಲದ ಒಸಡು ಚಿಕಿತ್ಸೆ ಪಡೆದವರನ್ನು ಆರು ತಿಂಗಳ ನಂತರ ಅಳೆದಾಗ ಒತ್ತಡದಲ್ಲಿದ್ದವರ ಫಲಿತಾಂಶ ಉಳಿದವರದ್ದಕ್ಕಿಂತ ಕಳಪೆಯಾಗಿತ್ತು.

ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆನಿಸುವುದು ನ್ಯೂಯಾರ್ಕ್ ರಾಜ್ಯದ ಈರಿ ಕೌಂಟಿಯಲ್ಲಿ ರಾಬರ್ಟ್ ಜೆಂಕೊ ತಂಡ ಮಾಡಿದ, 1999ರಲ್ಲಿ ಹೊರಬಂದ ಕೆಲಸ. 25ರಿಂದ 74 ವರ್ಷದ 1,426 ಮಂದಿ. ಹಣಕಾಸಿನ ಚಿಂತೆ ಹೆಚ್ಚಿದ್ದವರಲ್ಲಿ ಒಸಡಿನ ಹಿಡಿತವೂ ಮೂಳೆಯೂ ಹೆಚ್ಚು ಹೋಗಿದ್ದವು, ವಯಸ್ಸು, ಸಿಗರೇಟುಗಳ ಲೆಕ್ಕ ಹಿಡಿದ ಮೇಲೂ. ಆದರೆ ಅಷ್ಟೇ ಹಣದ ಕಷ್ಟವಿದ್ದೂ ಸಮಸ್ಯೆಯನ್ನು ಎದುರಿಗಿಟ್ಟುಕೊಂಡು ದಾರಿ ಹುಡುಕುವ ಸ್ವಭಾವದವರಿಗೆ ಈ ಹೆಚ್ಚಿನ ಅಪಾಯವಿರಲಿಲ್ಲ. ಕಷ್ಟ ಅಷ್ಟೇ ಇದ್ದರೂ ಅದನ್ನು ಹೊರುವ ಬಗೆ ಬೇರೆಯಾದಾಗ ಮೂಳೆ ಉಳಿದಿತ್ತು.

ಹೀಗಿದ್ದೂ ಕ್ಲಿನಿಕ್ಕಿನ ಕೇಸ್ ಶೀಟಿನಲ್ಲಿ ಈ ವಿಷಯಕ್ಕೆ ಜಾಗವಿಲ್ಲ. 2017ರ ಅಂತರರಾಷ್ಟ್ರೀಯ ಸಮಾವೇಶದಲ್ಲಿ ರೂಪುಗೊಂಡು ಮರುವರ್ಷ ಪ್ರಕಟವಾದ ಒಸಡುರೋಗದ ವರ್ಗೀಕರಣವನ್ನು ಈಗ ಎಲ್ಲ ಕಡೆ ಪಾಠ ಮಾಡುತ್ತಾರೆ. ರೋಗ ಎಷ್ಟು ವೇಗವಾಗಿ ಸಾಗೀತು ಎಂಬ ದರ್ಜೆಯನ್ನು ಏರಿಸುವ ಎರಡು ಅಂಶಗಳನ್ನು ಅದು ಗುರುತಿಸುತ್ತದೆ: ದಿನಕ್ಕೆ ಎಷ್ಟು ಸಿಗರೇಟು, ಮತ್ತು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಎಷ್ಟು. ಒಸಡು ಕೊಳೆತು ಕಿತ್ತುಬರುವ ಒಂದು ತೀವ್ರ ಬಗೆಯಲ್ಲಿ ಒತ್ತಡದ ಹೆಸರು ಬರುತ್ತದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರನ್ನು ಕಾಡಿ 'ಕಂದಕದ ಬಾಯಿ' ಎಂದೇ ಹೆಸರಾದ ರೋಗವದು. ಸಾಮಾನ್ಯ ಪೆರಿಯೊಡಾಂಟೈಟಿಸ್‌ಗೆ ಬಂದರೆ ದರ್ಜೆ ಏರಿಸುವ ಪಟ್ಟಿಯಿಂದ ಮನಸ್ಸು ಹೊರಗೆ. ಸಿಗರೇಟನ್ನೂ ಸಕ್ಕರೆಯನ್ನೂ ಅಂಕಿಯಲ್ಲಿ ಹಿಡಿಯಬಹುದು, ಒತ್ತಡವನ್ನು ಹಿಡಿಯುವುದು ಕಷ್ಟ ಎಂಬುದು ಕಾರಣವಿರಬಹುದು. ಕಾರಣ ಅರ್ಥವಾಗುತ್ತದೆ. ಅಳೆಯಲು ಕಷ್ಟವಾದದ್ದು ಕೇಳದೆಯೇ ಹೋಗುವುದು ಮಾತ್ರ ಒಪ್ಪುವಂಥದ್ದಲ್ಲ.

ಮುಂದಿನ ಹಾನಿಯ ಅಂದಾಜಿಗೆ ಮೂರು ಅಂಕಿಗಳನ್ನು ಒಟ್ಟಿಗೆ ಇಡಬೇಕು. ನಮ್ಮ ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇ. 10.6 ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು. ಮಹಾನಗರಗಳಲ್ಲಿ ಇದು ಇನ್ನೂ ಹೆಚ್ಚು. ಸಮಸ್ಯೆಯ ಬಗೆ ನೋಡಿಕೊಂಡು ಶೇ. 70ರಿಂದ 92 ಮಂದಿ ಚಿಕಿತ್ಸೆಯೇ ಇಲ್ಲದೆ ಇದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕದಂತೆ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ. ಸಕ್ಕರೆ ಒಸಡನ್ನು ಕೆಡಿಸುತ್ತದೆ, ಕೆಟ್ಟ ಒಸಡು ಸಕ್ಕರೆಯನ್ನು ಏರಿಸುತ್ತದೆ, ಕಾರ್ಟಿಸಾಲು ಎರಡನ್ನೂ ಹದಗೆಡಿಸುತ್ತದೆ. ಮೂರನೆಯದು ನನ್ನ ಮನೆಯ ಅಂಕಿ. 60 ದಾಟಿದವರಲ್ಲಿ ಶೇ. 7.4 ಮಂದಿಗೆ ಮರೆವಿನ ಕಾಯಿಲೆ, ಒಟ್ಟು 88 ಲಕ್ಷ. 2036ರ ಹೊತ್ತಿಗೆ ಇದು 1 ಕೋಟಿ 69 ಲಕ್ಷ ಆದೀತೆಂದು ಅಂದಾಜು. ಅಷ್ಟೂ ಜನರ ಹಿಂದೆ ರಾತ್ರಿ ಚಿಲಕ ಕಾಯುವ ಒಬ್ಬ ಮಗಳೋ ಸೊಸೆಯೋ ಮಗನೋ ಇರುತ್ತಾರೆ, ಹಲವರು ನಲವತ್ತು ಐವತ್ತರ ಆಸುಪಾಸಿನವರು. ಒಸಡುರೋಗ ಜೋರಾಗುವ ವಯಸ್ಸೂ ಅದೇ. ಇಂದು ಅವರ ಬಾಯಲ್ಲಿ ಕರಗುತ್ತಿರುವ ಮೂಳೆಯ ಲೆಕ್ಕ ಹತ್ತು ಹದಿನೈದು ವರ್ಷದ ಮೇಲೆ ಕಿತ್ತ ಹಲ್ಲುಗಳಲ್ಲಿ ಸಿಗುತ್ತದೆ.

ಆಗ ಹಲ್ಲಿನ ಸೆಟ್ಟು ಸಿಗುತ್ತದೆ, ನಿಜ. ಕರ್ನಾಟಕ ಸರ್ಕಾರ 2014ರಲ್ಲಿ ತಂದ 'ದಂತ ಭಾಗ್ಯ' ಯೋಜನೆ ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುವಂಥದ್ದು. ಒಳ್ಳೆಯ ಯೋಜನೆ. ಆದರೆ ಸೆಟ್ಟು ಕೂರಬೇಕಾದ್ದೂ ದವಡೆಯ ಮೂಳೆಯ ಏಣಿನ ಮೇಲೆಯೇ. ಒಸಡುರೋಗದಲ್ಲಿ ಆ ಏಣು ಸವೆದಿದ್ದರೆ ಸೆಟ್ಟು ಮುದ್ದೆ ನುಂಗುವಾಗಲೂ ಅಲ್ಲಾಡುತ್ತದೆ. ಸುಮಾರು ಅದೇ ಕಾಲಕ್ಕೆ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ 'ಮನೋಚೈತನ್ಯ' ಕಾರ್ಯಕ್ರಮವೂ ಶುರುವಾಯಿತು. ಅತ್ತ ಹಲ್ಲು, ಇತ್ತ ಮನಸ್ಸು. ಒಬ್ಬನೇ ಮನುಷ್ಯ ಎರಡು ಸಾಲಿನಲ್ಲಿ ನಿಲ್ಲಬೇಕು, ಎರಡು ಚೀಟಿ ಮಾಡಿಸಬೇಕು.

ಒತ್ತಡ ಇಳಿಸಿದರೆ ಒಸಡು ಬೇಗ ಮಾಯುತ್ತದೆ ಎನ್ನುವ ಪುರಾವೆ, ಒತ್ತಡ ಕೆಡಿಸುತ್ತದೆ ಎನ್ನುವ ಪುರಾವೆಯಷ್ಟು ಬಲವಾಗಿಲ್ಲ. ಆದ್ದರಿಂದ ಪ್ರಾಣಾಯಾಮ ಮಾಡಿ, ಕಲ್ಲು ತೆಗೆಸುವುದು ಬೇಡ ಎನ್ನುವವರನ್ನು ನಂಬಬೇಡಿ. ಕ್ಲೀನಿಂಗ್ ಮುಂದೂಡಬಾರದು, ಸೋಂಕು ಕಾಯುವುದಿಲ್ಲ. ಒತ್ತಡ ಇದೆ ಎಂದು ಗೊತ್ತಾದರೆ ವೈದ್ಯರು ಮಾಡಬಹುದಾದ್ದು ಬೇರೆ ಇದೆ. ಆರು ತಿಂಗಳಿಗೊಮ್ಮೆ ಬರಹೇಳುವ ಬದಲು ಮೂರು ತಿಂಗಳಿಗೊಮ್ಮೆ ಕರೆಯಬಹುದು. ತುರ್ತಿಲ್ಲದ ಒಸಡಿನ ಶಸ್ತ್ರಕ್ರಿಯೆಯನ್ನು ಪರೀಕ್ಷೆಯೋ ಮನೆಯ ಸಂಕಟವೋ ಮುಗಿಯುವವರೆಗೆ ತಡೆಹಿಡಿಯಬಹುದು. ಸಕ್ಕರೆ ಪರೀಕ್ಷೆಗೆ ಬರೆಯಬಹುದು, ರಾತ್ರಿ ಹಲ್ಲು ಕಡಿಯುವವರಿಗೆ ಹಲ್ಲಿಗೆ ಹಾಕುವ ಗಾರ್ಡ್ ಮಾಡಿಕೊಡಬಹುದು. ಕಳೆದ ತಿಂಗಳ ಒತ್ತಡವನ್ನು 0ರಿಂದ 40ರೊಳಗೆ ಅಳೆಯುವ ಹತ್ತು ಪ್ರಶ್ನೆಗಳ ಪಟ್ಟಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಹೊರಗಿನ ಬೆಂಚಿನಲ್ಲಿ ಕಾಯುವ ಐದು ನಿಮಿಷದಲ್ಲಿ ತುಂಬಿಬಿಡಬಹುದು. 168 ಅಂಕಿ ಬರೆದುಕೊಳ್ಳುವ ಹಾಳೆಗೆ 169ನೆಯದು ಭಾರವಾಗದು.

ಹಾಗಾಗಿ ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟು. ಮುಂದಿನ ಸಲ ಆ ಕುರ್ಚಿಗೆ ಒರಗುವ ಮೊದಲು, ಬಾಯಿ ತೆರೆಯುವ ಮೊದಲು, ಬಾಯಿ ಬಿಟ್ಟು ಹೇಳಿ: ನಿದ್ದೆ ಇಲ್ಲ, ಸಾಲವಿದೆ, ಮನೆಯಲ್ಲಿ ಕಾಯಿಲೆಯವರಿದ್ದಾರೆ, ಇಂಥ ಮಾತ್ರೆ ನುಂಗುತ್ತಿದ್ದೇನೆ. ಹೇಳಿಕೊಳ್ಳಲು ಅಲ್ಲಿ ಸಂಕೋಚವಾದರೆ ಟೆಲಿಮಾನಸ್ ಸಹಾಯವಾಣಿ 14416 ಇದೆ, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ವೈದ್ಯರು ನೀವು ಹೇಳಿದ್ದನ್ನು ಕೇಳಿಸಿಕೊಂಡು ಸುಮ್ಮನಾದರೆ, "ಅದನ್ನೂ ಬರ್ಕೊಳ್ಳಿ ಮೇಡಂ" ಎನ್ನಿ.